ಟಿವಿ ಹೋಯ್ತು, ಆಟ ಉಳೀತು: ಹಳೇ ವಿಡಿಯೊ ಗೇಮ್ ಮತ್ತು ದೆಹಲಿಯಿಂದ ಬಂದ 625 ಗೆರೆಗಳು

ಇದು ಈ ವಾರದ ಮಾತುಕತೆಯ ಬರಹ ರೂಪ. ಮೆಟ್ರೋದಲ್ಲಿ ಇಯರ್‌ಫೋನ್ ಮರೆತು ಬಂದವರು, ಇಪ್ಪತ್ತೈದು ನಿಮಿಷ ಕೂತು ವಿಡಿಯೊ ನೋಡೋಕೆ ಪುರುಸೊತ್ತು ಇಲ್ಲದವರು ಓದಿಕೊಳ್ಳಲಿ ಅಂತ ಹಾಕ್ತಾ ಇದೀನಿ. ಮಾತಿನ ಭರದಲ್ಲಿ ತಡವರಿಸಿದ್ದನ್ನ ತೆಗೆದಿದ್ದೇನೆ. ಮಿಕ್ಕಿದ್ದು ಹೇಳಿದ ಹಾಗೇ ಇದೆ.

ಎರಡು ವರ್ಷದ ಹಿಂದೆ ಅಮ್ಮ ಅರಸೀಕೆರೆಯ ಮನೆ ಖಾಲಿ ಮಾಡಿ ನೋಯ್ಡಾಕ್ಕೆ, ನಮ್ಮ ಜೊತೆ ಇರೋಕೆ ಬಂದರು. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿದಾಗ ಅವರ ಸಾಮಾನಿನಲ್ಲಿ ಸಾರಿನ ಪುಡಿ ಡಬ್ಬ, ಎರಡು ಹಿತ್ತಾಳೆ ದೀಪ, ಮತ್ತೆ ಹಳೇ ಸೀರೆಯಲ್ಲಿ ಸುತ್ತಿದ್ದ ಒಂದು ಗಂಟು. ಮನೆಗೆ ಬಂದು ಬಿಚ್ಚಿ ನೋಡಿದರೆ ನನ್ನ ಟಿವಿ ಗೇಮ್. ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಗನ್, ಮೇಲೆ "9999 ಇನ್ 1" ಅಂತ ಬರೆದಿರೋ ಹಳದಿ ಕ್ಯಾಸೆಟ್. 1996ರಲ್ಲಿ ಅಪ್ಪ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ತಂದಿದ್ದು.

"ಟಿವಿ ಎಲ್ಲಮ್ಮಾ?" ಅಂದೆ.

"ಗುಜರಿಯವನಿಗೆ ಕೊಟ್ಬಿಟ್ಟೆ ಕಣೋ. ಇನ್ನೂರು ರೂಪಾಯಿ ಕೊಟ್ಟ. ಎತ್ತೋಕೇ ಇಬ್ಬರು ಬೇಕಾಯ್ತು. ಇದನ್ನ ಮಾತ್ರ ಬಿಡೋಕೆ ಮನಸ್ಸು ಬರಲಿಲ್ಲ. ನಿಮ್ಮಪ್ಪಂದಲ್ವಾ?"

ತಂದಿದ್ದು ನನಗೆ. ಆದರೆ ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಗನ್ ಹಿಡಿದು ಬಾತುಕೋಳಿ ಹೊಡೀತಾ ಇದ್ದಿದ್ದು ಅಪ್ಪ. ಹಾಗಾಗಿ ಅಮ್ಮ ಹೇಳಿದ್ದೂ ಸರಿ.

ಆ ಪೆಟ್ಟಿಗೆಯನ್ನ ನಮ್ಮ ಮನೆಯ 55 ಇಂಚಿನ ಟಿವಿಗೆ ಜೋಡಿಸೋಕೆ ಹೋಗಿ ನಾನು ಕಲಿತದ್ದು ಇವತ್ತಿನ ವಿಷಯ. ಇದು ಬರೀ ವೈರಿನ ಸಮಸ್ಯೆ ಅಂತ ಶುರು ಮಾಡಿದೆ. ನಮ್ಮ ದೇಶದ ಟಿವಿ ಇತಿಹಾಸಕ್ಕೆ ಬಂದು ನಿಂತೆ. ಅದರ ಶುರುವಾತು ಇದೇ ದೆಹಲಿಯಲ್ಲಿ.

ಚಿತ್ರ ಬಂತು, ಆದರೆ ನಡುಗ್ತಾ ಬಂತು

ಮೊದಲು ಹಳದಿ ವೈರನ್ನ ಟಿವಿಯ ಎವಿ ಜ್ಯಾಕಿಗೆ ನೇರವಾಗಿ ಹಾಕಿದೆ. ಚಿತ್ರ ಬಂತು. ಆದರೆ ಅಕ್ಷರಗಳ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಂಡು ನಡುಗ್ತಾ ಇತ್ತು. ಮಾರಿಯೊ ಏಟು ತಿಂದ ಮೇಲೆ ಮಿಣುಕಬೇಕಲ್ಲ, ಅಲ್ಲಿ ಅರ್ಧ ದೇಹ ಕಲಸಿಹೋಗ್ತಿತ್ತು. ಬಟನ್ ಒತ್ತಿದ ಮೇಲೆ ಒಂದು ಚೂರು ತಡವಾಗಿ ಹಾರ್ತಿದ್ದ, ಗುಂಡಿಗೆ ಬೀಳ್ತಿದ್ದ.

ನೆಹರೂ ಪ್ಲೇಸ್‌ಗೆ ಹೋಗಿ ಒಂದು ಅಂಗಡಿಯಲ್ಲಿ ಚಿಕ್ಕ ಬಿಳಿ ಡಬ್ಬಿ ತಂದೆ. ಎವಿಯಿಂದ ಎಚ್‌ಡಿಎಂಐಗೆ ಬದಲಿಸುವಂಥದ್ದು, ಕೆಲವು ನೂರು ರೂಪಾಯಿ. "ಬಿಲ್ಕುಲ್ ಫುಲ್ ಎಚ್‌ಡಿ" ಅಂದ. ಮನೆಗೆ ತಂದು ಹಾಕಿದರೆ ಮಾರಿಯೊ ಅಡ್ಡಕ್ಕೆ ಊದಿಕೊಂಡಿದ್ದಾನೆ. ನಡುಕ ಹಾಗೇ ಇದೆ. ಅದರ ಮೇಲೆ, ಓಡುವಾಗ ಎತ್ತಿನಗಾಡಿಯ ಹಾಗೆ ಲಯ ತಪ್ಪಿ ಜಗ್ಗುತ್ತೆ.

ಆ ತಿಂಗಳು ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕ ನೋಡೋಕೆ ಹೋಗಿದ್ದೆ. ಪಕ್ಕದಲ್ಲಿ ಕೂತವರು ಧಾರವಾಡದ ಕಡೆಯ ಹಿರಿಯರು. ಜೀವನಪೂರ್ತಿ ಟಿವಿ ಪ್ರಸಾರದ ಎಂಜಿನಿಯರಿಂಗ್ ಕೆಲಸ ಮಾಡಿ ನಿವೃತ್ತರಾದವರು. ಚಹಾ ಕುಡೀತಾ ನನ್ನ ಗೋಳು ಹೇಳಿಕೊಂಡೆ. ಅವರು ನಕ್ಕರು.

"ತಮ್ಮಾ, ನಿನ್ನ ಹೊಸಾ ಟಿವಿಗೆ ಅರ್ಧಾ ಚಿತ್ರ ಬಂದದ ಅಂತ ತಿಳದದ. ಆ ಡಬ್ಬಿ ಕಳಸಲಿಕತ್ತಿದ್ದು ಪೂರ್ತಿ ಚಿತ್ರ. ಜಗಳ ಇರೋದು ಇಷ್ಟ."

ಈ ಒಂದು ಮಾತನ್ನ ಬಿಡಿಸಿ ಹೇಳಬೇಕು ಅಂದ್ರೆ 1959ಕ್ಕೆ ಹೋಗಬೇಕು.

ಆ 625 ಗೆರೆಗಳು

1959ರ ಸೆಪ್ಟೆಂಬರ್ 15. ದೆಹಲಿಯ ಆಕಾಶವಾಣಿ ಭವನದಿಂದ ಭಾರತದ ಮೊದಲ ಟಿವಿ ಪ್ರಸಾರ. ಯುನೆಸ್ಕೋ ನೆರವಿನಿಂದ ಶುರುವಾದ ಪ್ರಯೋಗ ಅದು. ವಾರಕ್ಕೆ ಎರಡು ದಿನ, ದೆಹಲಿ ಸುತ್ತಮುತ್ತ ಮಾತ್ರ. ಅವತ್ತು ನಾವು ಹಿಡಿದದ್ದು ಯುರೋಪಿನ ಕ್ರಮ: ಒಂದು ಪೂರ್ತಿ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕ, ಜಪಾನ್‌ನಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಈ ವ್ಯತ್ಯಾಸದ ಬೇರು ಇರೋದು ಗೋಡೆಯ ಪ್ಲಗ್ಗಿನಲ್ಲಿ. ನಮ್ಮ ಕರೆಂಟು 50 ಹರ್ಟ್ಸ್, ಅಮೆರಿಕದ್ದು 60. ಟಿವಿಯ ಬಡಿತ ಕರೆಂಟಿನ ಬಡಿತಕ್ಕೆ ಹೊಂದಿದರೆ ಪರದೆ ಮೇಲೆ ಪಟ್ಟೆಗಳು ಓಡಾಡೋದು ಕಡಿಮೆ ಅಂತ ಆ ಕಾಲದವರು ಹಾಗೆ ಇಟ್ಟರು.

ಸೆಕೆಂಡಿಗೆ 25 ಚಿತ್ರ ಮಾತ್ರ ಹೊಳೆದರೆ ಕಣ್ಣಿಗೆ ಮಿಣಮಿಣ ಅನ್ನಿಸುತ್ತೆ. ಅದಕ್ಕೊಂದು ಉಪಾಯ ಇತ್ತು. ಒಂದು ಚಿತ್ರವನ್ನ ಎರಡು ಕಂತಿನಲ್ಲಿ ಕಳಿಸೋದು. ಮೊದಲ ಕಂತಿನಲ್ಲಿ ಬೆಸ ಗೆರೆಗಳು, ಎರಡನೇ ಕಂತಿನಲ್ಲಿ ಸಮ ಗೆರೆಗಳು. ಸೆಕೆಂಡಿಗೆ 50 ಕಂತು. ಇದಕ್ಕೇ ಇಂಟರ್‌ಲೇಸ್ ಅನ್ನೋದು. 625ರ ಅರ್ಧ ಎಷ್ಟು? 312 ಮುಕ್ಕಾಲಲ್ಲ, 312ವರೆ. ಆ ಅರ್ಧ ಗೆರೆ ಇದೆಯಲ್ಲ, ಅದೇ ಕೀಲಿ. ಅದರಿಂದಲೇ ಎರಡನೇ ಕಂತಿನ ಗೆರೆಗಳು ಮೊದಲ ಕಂತಿನ ಗೆರೆಗಳ ಮಧ್ಯದ ಸಂದಿಗೆ ಹೋಗಿ ಕೂರೋದು.

ಈ 625 ಗೆರೆ ದೆಹಲಿಯಿಂದ ನಮ್ಮ ಕಡೆಗೆ ಬಂದಿದ್ದು ನಿಧಾನವಾಗಿ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದ ಪಾಲಿಗೆ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಂಗಳೂರು ದೂರದರ್ಶನ 1981ರಲ್ಲಿ. ಮಾರನೇ ವರ್ಷ, 1982ರಲ್ಲಿ, ದೆಹಲಿ ಏಷ್ಯಾಡ್ ಹೊತ್ತಿಗೆ ಬಣ್ಣ ಬಂತು. ಬಣ್ಣಕ್ಕೆ ನಾವು ಹಿಡಿದ ಕ್ರಮ ಪಾಲ್. ಅರಸೀಕೆರೆಯ ನಮ್ಮನೆ ಟಿವಿಯೂ, ನೀವು ಚಿಕ್ಕಂದಿನಲ್ಲಿ ನೋಡಿದ ಟಿವಿಯೂ ಇದೇ ಲೆಕ್ಕದಲ್ಲಿ ತಯಾರಾದದ್ದು.

ವಿಡಿಯೊ ಗೇಮ್ ಮಾಡಿದ ಸಣ್ಣ ಮೋಸ

ಈಗ ಆಟದ ಪೆಟ್ಟಿಗೆಗೆ ಬರೋಣ. ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಜಪಾನಿನಲ್ಲಿ ಬಂದದ್ದು 1983ರ ಜುಲೈನಲ್ಲಿ. ಅದರ ಚಿತ್ರ 256 ಚುಕ್ಕೆ ಅಗಲ, 240 ಗೆರೆ ಎತ್ತರ. ಬರೀ 240 ಗೆರೆಗೆ ಎರಡು ಕಂತು ಯಾಕೆ ಬೇಕು? ಹಾಗಾಗಿ ಅದು ಆ ಅರ್ಧ ಗೆರೆಯನ್ನೇ ಕೈಬಿಡ್ತು. ನಮ್ಮ ಪಾಲ್ ಲೆಕ್ಕದ ಪೆಟ್ಟಿಗೆಗಳು ಪ್ರತಿ ಸಲವೂ ಸರಿಯಾಗಿ 312 ಗೆರೆ ಕಳಿಸ್ತವೆ. ಅರ್ಧ ಇಲ್ಲ ಅಂದ ಮೇಲೆ ಗೆರೆಗಳು ಸಂದಿಗೆ ಸರಿಯೋದೇ ಇಲ್ಲ, ಪ್ರತಿ ಸಲ ಅದೇ ಜಾಗದಲ್ಲಿ ಬೀಳ್ತವೆ. ಸೆಕೆಂಡಿಗೆ 50 ಸಲ, ಪ್ರತಿಯೊಂದೂ ಪೂರ್ತಿ ಚಿತ್ರ. ಮಧ್ಯದ ಸಂದಿಗಳು ಕಪ್ಪಾಗೇ ಉಳೀತವೆ.

ಹಳೇ ಪಿಕ್ಚರ್ ಟ್ಯೂಬ್ ಟಿವಿ ಇದನ್ನ ಪ್ರಶ್ನೆ ಮಾಡ್ತಿರಲಿಲ್ಲ. ಅದಕ್ಕೆ ಯೋಚನೆ ಮಾಡೋ ಶಕ್ತಿಯೂ ಇಲ್ಲ, ನೆನಪೂ ಇಲ್ಲ. ಸಿಗ್ನಲ್ ಹೇಳಿದ ಕಡೆ ಎಲೆಕ್ಟ್ರಾನ್ ಕಿರಣ ಓಡುತ್ತೆ, ಅಷ್ಟೇ. ಹೊಸ ಟಿವಿ ಹಾಗಲ್ಲ. ಅದು ಬಂದದ್ದನ್ನ ಇಟ್ಟುಕೊಂಡು ಯೋಚನೆ ಮಾಡುತ್ತೆ. "ಓ, ಹಳದಿ ವೈರು, ಅಂದ್ರೆ ಹಳೇ ಪ್ರಸಾರ. ಇದು ಬೆಸ ಗೆರೆ ಕಂತು, ಮುಂದಿನದ್ದು ಸಮ ಗೆರೆ ಕಂತು" ಅಂತ ಎರಡು ಬೇರೆ ಬೇರೆ ಚಿತ್ರಗಳನ್ನ ಸೇರಿಸಿ ಹೆಣೆಯುತ್ತೆ. ಆ ಬಾಚಣಿಗೆ ಹಲ್ಲು ಹುಟ್ಟೋದು ಅಲ್ಲಿ. ಹೆಣೆಯೋಕೆ ಟೈಮ್ ಬೇಕಲ್ಲ, ಮಾರಿಯೊ ತಡವಾಗಿ ಹಾರೋದೂ ಅದಕ್ಕೇ. ಧಾರವಾಡದ ಹಿರಿಯರು ಹೇಳಿದ ಜಗಳ ಇದು.

ನೆಹರೂ ಪ್ಲೇಸಿನ ಡಬ್ಬಿ ಮಾಡೋದೂ ಇದೇ ತಪ್ಪು. ಜೊತೆಗೆ 50 ಚಿತ್ರಗಳನ್ನ 60 ಮಾಡಿ ಕಳಿಸುತ್ತೆ. ಅಂದ್ರೆ ಪ್ರತಿ ಐದು ಚಿತ್ರಕ್ಕೆ ಒಂದನ್ನ ಎರಡು ಸಲ ತೋರಿಸಬೇಕು. ಎತ್ತಿನಗಾಡಿ ಜಗ್ಗಿದ್ದು ಅದರಿಂದ.

ನಮ್ಮ ಮಾರಿಯೊ ನಿಧಾನ

ಇಲ್ಲೊಂದು ವಿಷಯ ನನ್ನ ಮಗನಿಂದ ಗೊತ್ತಾಯ್ತು. ಅವನು ಈಗಿನ ನಿಂಟೆಂಡೊದಲ್ಲಿ ಹಳೇ ಮಾರಿಯೊ ಆಡಿದ್ದಾನೆ. ನಮ್ಮ ಪೆಟ್ಟಿಗೆಯ ಹಾಡು ಕೇಳಿದವನೇ, "ಅಪ್ಪಾ, ಇದು ಸ್ಲೋ ಇದೆ" ಅಂದ. ನನಗೆ ಅವನದ್ದೇ ಫಾಸ್ಟ್ ಅನ್ನಿಸ್ತಿತ್ತು. ಯಾರು ಸರಿ?

ನಮ್ಮಲ್ಲಿ ಅಸಲಿ ನಿಂಟೆಂಡೊ ಮನೆಮನೆಗೆ ಬರಲೇ ಇಲ್ಲ. ಸಮುರಾಯ್ ಅನ್ನೋ ಹೆಸರಿನಲ್ಲಿ ಅಧಿಕೃತವಾಗಿ ಸ್ವಲ್ಪ ಕಾಲ ಮಾರಾಟ ಆಯ್ತು. ಸೆಗಾ ಕಂಪನಿಯ ಮೆಗಾ ಡ್ರೈವ್ ಅನ್ನ 1995ರಲ್ಲಿ ಇಲ್ಲಿಗೆ ತಂದದ್ದು ಶಾ ವಾಲೇಸ್. ಹೌದು, ಮದ್ಯದ ವ್ಯಾಪಾರಕ್ಕೆ ಹೆಸರಾದ ಅದೇ ಶಾ ವಾಲೇಸ್. ಬೆಲೆ 18,000 ರೂಪಾಯಿ. ವಿದೇಶಿ ಸಾಮಾನಿಗೆ ಸುಂಕ ಅಷ್ಟು ಜೋರಾಗಿದ್ದ ಕಾಲ. ನಮ್ಮಪ್ಪನಂಥವರು ಅದನ್ನ ಅಂಗಡಿಯ ಗಾಜಿನಾಚೆ ನಿಂತು ನೋಡೋದಷ್ಟೇ. ಮನೆಮನೆಗೆ ಬಂದದ್ದು ಫ್ಯಾಮಿಕಾಮಿನ ನಕಲುಗಳು. ಮೀಡಿಯಾ ಬ್ರ್ಯಾಂಡಿನವು ಇದ್ದವು, ಹೆಸರೇ ಇಲ್ಲದ ನೂರೆಂಟು ಇದ್ದವು. ಇಲ್ಲಿ ದೆಹಲಿಯಲ್ಲಿ ಪಾಲಿಕಾ ಬಜಾರ್, ಕೆಂಪುಕೋಟೆ ಎದುರಿನ ಲಾಜಪತ್ ರಾಯ್ ಮಾರ್ಕೆಟ್, ಅಲ್ಲಿ ಬೆಂಗಳೂರಿನಲ್ಲಿ ನ್ಯಾಷನಲ್ ಮಾರ್ಕೆಟ್, ಎಸ್.ಪಿ. ರೋಡ್.

ಈ ನಕಲುಗಳಲ್ಲಿ ಬಹಳಷ್ಟರ ಒಳಗೆ ಇದ್ದದ್ದು ತೈವಾನಿನ ಯುಎಂಸಿ ಕಂಪನಿಯ ಚಿಪ್ಪುಗಳ ಬಳಗದವು. ಪಾಲ್ ಟಿವಿಗೆ ಹೊಂದಲಿ, ಆದರೆ ಜಪಾನಿನ ಕ್ಯಾಸೆಟ್ ಕೆಡದೆ ಓಡಲಿ ಅಂತ ಅವರು ಜಾಣತನ ಮಾಡಿದ್ದರು. ಯುರೋಪಿನ ಅಸಲಿ ಯಂತ್ರದ ಪ್ರೊಸೆಸರ್ 1.66 ಮೆಗಾಹರ್ಟ್ಸ್, ಜಪಾನಿನದ್ದು 1.79. ನಕಲಿನದ್ದು 1.77. ಅಂದ್ರೆ ಜಪಾನಿಗೆ ಬಲು ಹತ್ತಿರ. ಸ್ವರದ ಎತ್ತರ ಈ ವೇಗದ ಮೇಲೆ ನಿಂತಿದೆ, ತಾಳದ ವೇಗ ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದರ ಮೇಲೆ ನಿಂತಿದೆ. ಹಾಗಾಗಿ ನಾವು ಕೇಳಿದ ಮಾರಿಯೊ ಹಾಡಿನಲ್ಲಿ ಶ್ರುತಿ ಹೆಚ್ಚುಕಮ್ಮಿ ಜಪಾನಿನದ್ದೇ, ನಡೆ ಮಾತ್ರ ಆರಕ್ಕೆ ಐದು ಪಾಲು. ಯುರೋಪಿನ ಮಕ್ಕಳು ಕೇಳಿದ್ದು ಬೇರೆ, ಜಪಾನಿನ ಮಕ್ಕಳು ಕೇಳಿದ್ದು ಬೇರೆ. ನಾವು ಕೇಳಿದ್ದು ಮೂರನೆಯದು.

ನನ್ನ ಮಗನೂ ಸರಿ, ನಾನೂ ಸರಿ. ಈಗ ಮೊಬೈಲಿನಲ್ಲಿ, ಎಮ್ಯುಲೇಟರಿನಲ್ಲಿ ಉಳಿದಿರೋದು ಬಹುಪಾಲು 60ರ ಮಾರಿಯೊ. ನಮ್ಮ 50ರ ಮಾರಿಯೊ ಉಳಿದಿರೋದು ಇಂಥ ಪೆಟ್ಟಿಗೆಗಳಲ್ಲಿ, ಅಟ್ಟದ ಮೇಲೆ.

ಟ್ಯೂಬು ಹೋದ ದಾರಿ

ಆಟದ ಪೆಟ್ಟಿಗೆ ಕಳಿಸ್ತಿದ್ದುದು ಅರ್ಧ ಕೆಲಸ ಮಾತ್ರ. ಮಿಕ್ಕರ್ಧ ಟ್ಯೂಬಿನದ್ದು. ಆ ಟ್ಯೂಬುಗಳನ್ನ ನಮ್ಮವರೇ ಮಾಡ್ತಿದ್ದರು ಅನ್ನೋದನ್ನ ಬೇಗ ಮರೆತಿದ್ದೇವೆ. ಬೆಂಗಳೂರಿನ ಬಿಇಎಲ್ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬ್ ತಯಾರಿಸ್ತಿತ್ತು. ಇಲ್ಲಿ ಎನ್‌ಸಿಆರ್‌ನಲ್ಲಿ, ಗಾಜಿಯಾಬಾದ್ ಆಚೆ ಜಿ.ಟಿ. ರಸ್ತೆಯ ಛಪ್ರೌಲಾದಲ್ಲಿ ಸಾಮ್ಟೆಲ್ ಕಲರ್ ಕಾರ್ಖಾನೆ ಇತ್ತು. ದೇಶದ ಎಷ್ಟೋ ಬ್ರ್ಯಾಂಡಿನ ಕಲರ್ ಟಿವಿಗಳಿಗೆ ಟ್ಯೂಬ್ ಹೋಗ್ತಿದ್ದದ್ದು ಅಲ್ಲಿಂದ. ಚಪ್ಪಟೆ ಟಿವಿಗಳ ಬೆಲೆ ಇಳಿದ ಹಾಗೆ ಬೇಡಿಕೆ ಕುಸಿದು, 2012ರ ಹೊತ್ತಿಗೆ ಅಲ್ಲಿ ಕೆಲಸ ನಿಂತಿತು. ಮೂವತ್ತು ವರ್ಷದಲ್ಲಿ ಕಟ್ಟಿದ ಕೈಕೆಲಸ ನಾಲ್ಕೈದು ವರ್ಷದಲ್ಲಿ ಬೇಡವಾಯ್ತು. ನಮ್ಮ ಮನೆಗಳಿಂದ ಹೊರಬಿದ್ದ ಟ್ಯೂಬುಗಳು ಸೀಲಂಪುರದಂಥ ಗುಜರಿ ಬಸ್ತಿಗಳಿಗೆ ಹೋದವು. ತಾಮ್ರ ತೆಗೆದುಕೊಂಡು ಗಾಜು ಒಡೆಯೋಕೆ.

ಸ್ಕೇಲರ್ ಅನ್ನೋ ದುಭಾಷಿ

ಟ್ಯೂಬಿನ ಜಾಗ ತುಂಬೋಕೆ ಬಂದದ್ದು ವಿಡಿಯೊ ಸ್ಕೇಲರ್. ಒಳ್ಳೆಯ ಸ್ಕೇಲರ್ ಮಾಡೋ ಮೊದಲ ಕೆಲಸ ಗೆರೆ ಎಣಿಸೋದು. 312 ಬಂತಾ, 312ವರೆ ಬಂತಾ? ಅರ್ಧ ಇಲ್ಲ ಅಂದ್ರೆ "ಇದು ಪೂರ್ತಿ ಚಿತ್ರ, ಹೆಣೆಯಬಾರದು" ಅಂತ ತಿಳಿದುಕೊಳ್ಳುತ್ತೆ. ಆಮೇಲೆ ಪ್ರತಿ ಗೆರೆಯನ್ನ ಎರಡು ಸಲ, ಮೂರು ಸಲ, ಐದು ಸಲ ಬರೆದು ದೊಡ್ಡದು ಮಾಡಿ ಎಚ್‌ಡಿಎಂಐಗೆ ಕೊಡುತ್ತೆ. ಬೇಕಿದ್ದರೆ ಮಧ್ಯೆ ಕಪ್ಪು ಸಂದಿಯನ್ನೂ ಬಿಡುತ್ತೆ, ಹಳೇ ಟಿವಿ ಹಾಗೆ ಕಾಣಲಿ ಅಂತ.

ಇದನ್ನ ದೊಡ್ಡ ಕಂಪನಿಗಳು ಮಾಡಲಿಲ್ಲ, ಹುಚ್ಚಿರೋರು ಮಾಡಿದರು. ಜಪಾನಿನ ಮೈಕಾಮ್‌ಸಾಫ್ಟ್ ಅನ್ನೋ ಸಣ್ಣ ಕಂಪನಿಯ ಫ್ರೇಮ್‌ಮೈಸ್ಟರ್ ಮೊದಲು ಹೆಸರು ಮಾಡಿತು. ಅದು ಇಡೀ ಚಿತ್ರ ಕೂಡಿಟ್ಟುಕೊಂಡು ಆಮೇಲೆ ಕಳಿಸೋದರಿಂದ ಸ್ವಲ್ಪ ತಡ ಆಗ್ತಿತ್ತು. ಆಮೇಲೆ ಫಿನ್ಲೆಂಡಿನ ಹವ್ಯಾಸಿ ಎಂಜಿನಿಯರ್ ಮಾರ್ಕುಸ್ ಹೀಯೆಂಕೋಸ್ಕಿ ಅವರ ಓಎಸ್‌ಎಸ್‌ಸಿ ಬಂತು. ಓಪನ್ ಸೋರ್ಸ್, ನಕ್ಷೆ ಎಲ್ಲರಿಗೂ ತೆರೆದಿಟ್ಟಿದ್ದರು. ಗೆರೆ ಬಂದ ಹಾಗೆ ಕಳಿಸೋದರಿಂದ ತಡವೇ ಇಲ್ಲ ಅನ್ನಬಹುದು. ಆಮೇಲೆ ಅಮೆರಿಕದ ಮೈಕ್ ಚೀ ಅವರ ರೆಟ್ರೊಟಿಂಕ್ ಸರಣಿ.

ನಮ್ಮವರು ಇಲ್ಲಿ ಎಚ್ಚರ ವಹಿಸಬೇಕಾದ ಎರಡು ಮಾತಿದೆ. ಒಂದು, ಮೂಲ ಓಎಸ್‌ಎಸ್‌ಸಿಗೆ ಹಳದಿ ವೈರು ಹೋಗೋದಿಲ್ಲ. ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ಬರಬೇಕು. ನಮ್ಮ ನಕಲುಗಳಲ್ಲಿ ಇರೋದು ಹಳದಿ ವೈರು ಅಥವಾ ಆಂಟೆನಾ ವೈರು ಮಾತ್ರ. ಹಾಗಾಗಿ ಹಳದಿ ವೈರು ತಗೊಳ್ಳೋ ರೆಟ್ರೊಟಿಂಕ್ 2ಎಕ್ಸ್, 5ಎಕ್ಸ್‌ನಂಥದ್ದು ನೋಡಬೇಕು. ಎರಡು, ಅಮೆರಿಕದ ವಿಡಿಯೊ ನೋಡಿ "60ಕ್ಕೆ ಇಡಿ" ಅಂದಿದ್ದನ್ನ ಕೇಳಬೇಡಿ. ನಮ್ಮ ಪೆಟ್ಟಿಗೆ 50. ಭಾರತದಲ್ಲಿ ಮಾರುವ ಟಿವಿಗಳು 50 ಒಪ್ಪಿಕೊಳ್ತವೆ, ಸ್ಕೇಲರ್ ಕೂಡ 50ರಲ್ಲೇ ಕಳಿಸಲಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಚಿತ್ರ 4:3ಕ್ಕೆ ಇಡಿ. ಅಷ್ಟು ಸಾಕು.

ಗುರುಗ್ರಾಮದ ಸಹೋದ್ಯೋಗಿಯೊಬ್ಬರಿಂದ ಒಂದು ವಾರಕ್ಕೆ ಎರವಲು ತಂದೆ. ಹಾಕಿದ ತಕ್ಷಣ ನಡುಕ ನಿಂತಿತು. ಬಟನ್ ಒತ್ತಿದಾಗ ಮಾರಿಯೊ ಹಾರಿದ. ಹಾಡು ನಮ್ಮ ನಡೆಯಲ್ಲೇ ಬಂತು. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತರು.

"ಬಾತುಕೋಳಿದು ಹಾಕೋ" ಅಂದರು.

ಸ್ಕೇಲರ್ ತಲುಪದ ಜಾಗ

ಹಾಕಿದೆ. ಬಾತುಕೋಳಿ ಹಾರಿತು. ಅಮ್ಮ ಗನ್ ಹಿಡಿದು ಹೊಡೆದರು. ತಗಲಲಿಲ್ಲ. ನಾನು ಹೊಡೆದೆ. ತಗಲಲಿಲ್ಲ. ಟಿವಿಗೆ ಒಂದು ಗೇಣು ದೂರದಲ್ಲಿ ಹಿಡಿದು ಹೊಡೆದರೂ ಇಲ್ಲ. ಪ್ರತಿ ಸಲ ಹುಲ್ಲಿನಿಂದ ಆ ನಾಯಿ ಎದ್ದು ನಗುತ್ತೆ.

ಕಾರಣ ಇದು. ಗನ್ ಏನನ್ನೂ ಹಾರಿಸೋದಿಲ್ಲ, ಅದು ನೋಡುತ್ತೆ. ಕುದುರೆ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗುತ್ತೆ, ಮುಂದಿನ ಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತೆ. ಗನ್ನಿನ ಮೂತಿಯಲ್ಲಿರೋ ಸೆನ್ಸರಿಗೆ ಆ ಕ್ಷಣದಲ್ಲೇ ಬೆಳಕು ಕಂಡರೆ ತಗಲಿತು ಅಂತ ಲೆಕ್ಕ. ಟ್ಯೂಬಿನಲ್ಲಿ ಬೆಳಕು ಆಗಿಂದಾಗಲೇ ಬರುತ್ತೆ. ಹೊಸ ಟಿವಿಯಲ್ಲಿ ಬೆಳಕು ಬರೋ ಹೊತ್ತಿಗೆ ಆಟ ತೀರ್ಪು ಕೊಟ್ಟಾಗಿರುತ್ತೆ. ಜೊತೆಗೆ ಅಸಲಿ ನಿಂಟೆಂಡೊ ಗನ್ನು ಟ್ಯೂಬಿನ ಕಿರಣ ಸೆಕೆಂಡಿಗೆ ಸುಮಾರು 15,000 ಸಲ ಗೆರೆ ಎಳೆಯೋ ಆ ಮಿಡಿತವನ್ನೇ ಹುಡುಕುತ್ತೆ. ಚಪ್ಪಟೆ ಪರದೆಯಲ್ಲಿ ಆ ಮಿಡಿತವೇ ಇಲ್ಲ. ಎಷ್ಟು ದುಡ್ಡಿನ ಸ್ಕೇಲರ್ ತಂದರೂ ಇದು ಸರಿಹೋಗೋದಿಲ್ಲ. ಚಿತ್ರವನ್ನ ಅನುವಾದ ಮಾಡಬಹುದು, ಟ್ಯೂಬನ್ನ ಅನುವಾದ ಮಾಡೋಕಾಗಲ್ಲ.

"ಆ ನಾಯಿ ಇನ್ನೂ ನಗ್ತಾನೇ ಇದೆಯಲ್ಲೋ" ಅಂದು ಅಮ್ಮ ಒಳಗೆ ಹೋದರು. ಆಮೇಲೆ ಒಂದು ವಾರ ಅದರ ಮಾತೆತ್ತಲಿಲ್ಲ.

ಕೊನೆಗೆ ನಮ್ಮ ಸೊಸೈಟಿಗೆ ಬರೋ ಕಬಾಡಿಯವನಿಗೆ ಹೇಳಿಟ್ಟೆ. ಎರಡು ತಿಂಗಳಾದ ಮೇಲೆ 14 ಇಂಚಿನ ಒಂದು ಪೋರ್ಟಬಲ್ ಟಿವಿ ತಂದ, 400 ರೂಪಾಯಿ. ಆನ್ ಆಗ್ತಿರಲಿಲ್ಲ. ಗಾಜಿಯಾಬಾದಿನ ವಯಸ್ಸಾದ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಹಿಂದೆ ಪಿಕ್ಚರ್ ಟ್ಯೂಬ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಂತೆ. ಹಿಂಬದಿ ಬಿಚ್ಚಿ ಟ್ಯೂಬಿನ ಮೇಲಿದ್ದ ಚೀಟಿ ಓದಿದರು. ಒರೆಸಿ ಇನ್ನೊಂದು ಸಲ ಓದಿದರು. "ಯೇ ತೋ ಹಮಾರಾ ಮಾಲ್ ಹೈ" ಅಂದರು. ಎರಡು ಕೆಪಾಸಿಟರ್ ಬದಲಿಸಿ, ಸಾಮಾನಿನ ದುಡ್ಡು ಮಾತ್ರ ತಗೊಂಡರು.

ಆ ಭಾನುವಾರ ಅಮ್ಮ ಹೊಡೆದ ಮೂರನೇ ಗುಂಡಿಗೆ ಬಾತುಕೋಳಿ ಬಿತ್ತು. ನಾಯಿ ಅದನ್ನ ಎತ್ತಿ ತೋರಿಸಿತು. "ನಿಮ್ಮಪ್ಪ ಎಡಗಣ್ಣು ಮುಚ್ಚಿ ಹೊಡೀತಿದ್ರು" ಅಂದು ಗನ್ನನ್ನ ಮೊಮ್ಮಗನ ಕೈಗೆ ಕೊಟ್ಟರು.

ನಿಮಗೆ ಹೇಳೋದಿಷ್ಟೇ. ದಸರಾಕ್ಕೋ ದೀಪಾವಳಿಗೋ ಊರಿಗೆ ಹೋದಾಗ ಅಟ್ಟ ನೋಡಿ. ಆಟದ ಪೆಟ್ಟಿಗೆ ಇದ್ದರೆ ತನ್ನಿ, ಸ್ಕೇಲರ್ ಇದೆ, ಆಡಬಹುದು. ಆದರೆ ನಡೆಯುತ್ತಿರೋ ಟ್ಯೂಬ್ ಟಿವಿ ಇದ್ದರೆ ಗುಜರಿಗೆ ಹಾಕೋ ಮುಂಚೆ ಒಂದು ಸಲ ಯೋಚನೆ ಮಾಡಿ. ಅದನ್ನ ಈಗ ಯಾರೂ ಹೊಸದಾಗಿ ಮಾಡಿಕೊಡೋದಿಲ್ಲ. ಬಿಚ್ಚೋ ಸಾಹಸ ಮಾತ್ರ ನೀವೇ ಮಾಡಬೇಡಿ. ಕಲರ್ ಟ್ಯೂಬಿನಲ್ಲಿ 20,000 ವೋಲ್ಟಿಗಿಂತ ಹೆಚ್ಚಿರುತ್ತೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತೆ. ಕೆಟ್ಟೇ ಹೋಗಿದ್ದರೆ ಗಾಜಿನಲ್ಲಿ ಸೀಸ ಇರುತ್ತೆ, ಅಧಿಕೃತ ಇ-ತ್ಯಾಜ್ಯದವರಿಗೇ ಕೊಡಿ.

ನಿಮ್ಮ ಮನೇಲಿ ಯಾವ ಪೆಟ್ಟಿಗೆ ಇತ್ತು, ಯಾರು ಆಡ್ತಿದ್ದರು, ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.